ಪಾಲು ಬಯಸದ ಪಂಚ: ಸರ್ ಬೆನಗಲ್ ನರಸಿಂಗರಾಯರು

ದಾವಣಗೆರೆಯ ಮಂಡಿಪೇಟೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ದಲ್ಲಾಳಿ ಅಂಗಡಿಯಲ್ಲಿ ಮಾಲು ಇಳಿಸಿದವನಿಗೂ ಅದನ್ನು ಕೊಂಡವನಿಗೂ ತೂಕದ ಮೇಲೋ, ಕಾಳಿನ ತೇವದ ಮೇಲೋ, ಹಣದ ವಾಯಿದೆಯ ಮೇಲೋ ಮಾತು ಬೆಳೆಯಿತೆನ್ನಿ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಇಬ್ಬರೂ ಪೇಟೆಯ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಳ್ಳುತ್ತಾರೆ. ಆ ಹಿರಿಯರ ಕೈಯಲ್ಲಿ ಪೊಲೀಸರಿಲ್ಲ, ಜಪ್ತಿ ವಾರಂಟಿಲ್ಲ. ಆದರೂ ಅವರ ಮಾತು ನಡೆಯುತ್ತದೆ. ಏಕೆಂದರೆ ಅವರು ಇಬ್ಬರಲ್ಲಿ ಯಾರ ನೆಂಟರೂ ಅಲ್ಲ, ಯಾರ ಸಾಲಗಾರರೂ ಅಲ್ಲ, ಆ ಮಾಲಿನಲ್ಲಿ ಅವರ ಪಾಲು ಒಂದು ಸೇರೂ ಇಲ್ಲ ಎಂಬುದು ಪೇಟೆಗೆಲ್ಲ ಗೊತ್ತು.

ರಾಷ್ಟ್ರ ರಾಷ್ಟ್ರಗಳ ನಡುವಿನ ಕಾನೂನು ಎಂಬುದು, ಅದರ ದೊಡ್ಡ ಹೆಸರನ್ನು ಪಕ್ಕಕ್ಕಿಟ್ಟು ನೋಡಿದರೆ, ಹೆಚ್ಚು ಕಡಿಮೆ ಇದೇ ತರಹದ್ದು. ಎರಡು ದೇಶಗಳು ಜಗಳವಾಡಿದರೆ ಎರಡನ್ನೂ ಹಿಡಿದು ತರುವ ಅಮಲ್ದಾರ ಇನ್ನೂ ಹುಟ್ಟಿಲ್ಲ. ಹಾಲೆಂಡಿನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೇನೋ ಇದೆ. ಆದರೆ ಕಕ್ಷಿಗಳು ಒಪ್ಪಿದ್ದರೆ ಮಾತ್ರ ಅದು ಅವರ ವ್ಯಾಜ್ಯವನ್ನು ವಿಚಾರಣೆಗೆ ತೆಗೆದುಕೊಳ್ಳಬಲ್ಲದು. ಹೀಗಿರುವಾಗ ಅಲ್ಲಿ ಕೂರುವ ಪಂಚರ ನಡತೆಯೇ ಆ ಕಾನೂನಿನ ಅರ್ಧ ಬಲ. ಅಂಥ ಪಂಚರಲ್ಲಿ ಒಬ್ಬರು ನಮ್ಮ ಕನ್ನಡ ಕರಾವಳಿಯಿಂದ ಹೋದವರು, ಮಂಗಳೂರಿನ ಸರ್ ಬೆನಗಲ್ ನರಸಿಂಗರಾಯರು. ಬಿ. ಎನ್. ರಾವ್ ಎಂದರೆ ನಿಮ್ಮಲ್ಲಿ ಕೆಲವರಿಗೆ ತಟ್ಟನೆ ನೆನಪಾದೀತು. ಅವರ ಕೆಲಸಕ್ಕೂ ಹರಿಹರದ ಹೊಳೆಗೂ ಒಂದು ನಂಟಿದೆ. ಅದನ್ನು ಮುಂದೆ ಹೇಳುತ್ತೇನೆ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು. ತಂದೆ ರಾಘವೇಂದ್ರರಾಯರು ವೈದ್ಯರು. ಮನೆಯ ಮಕ್ಕಳು ಒಬ್ಬರನ್ನೊಬ್ಬರು ಮೀರಿಸಿದವರು. ತಮ್ಮಂದಿರಲ್ಲಿ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಶಿವರಾಯರು ಪತ್ರಕರ್ತರಾಗಿ ಹೆಸರು ಮಾಡಿ ಸಂವಿಧಾನ ಸಭೆಯ ಸದಸ್ಯರೂ ಆದರು. ಹಿರಿಯರಾದ ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. ಮದರಾಸಿನ ಪದವಿ ಪರೀಕ್ಷೆಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಮೊದಲ ದರ್ಜೆ. ಮರುವರ್ಷ ಗಣಿತದಲ್ಲಿ ಮತ್ತೊಂದು. ವಿದ್ಯಾರ್ಥಿ ವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. 1909ರಲ್ಲಿ ರಾಯರು ಐ.ಸಿ.ಎಸ್. ಪರೀಕ್ಷೆಯಲ್ಲಿ ಗೆದ್ದರು.

ಇಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಅವರನ್ನು ಮದರಾಸು ಪ್ರಾಂತಕ್ಕೆ ಹಾಕಲಾಗಿತ್ತು. ಮಂಗಳೂರು ಆಗ ಅದೇ ಪ್ರಾಂತಕ್ಕೆ ಸೇರಿದ ಊರು. ಮನೆಗೆ ಹತ್ತಿರವಾಯಿತು ಎಂದು ಯಾರಾದರೂ ಸಂತೋಷಪಡುತ್ತಿದ್ದರು. ಇಪ್ಪತ್ತೆರಡು ವರ್ಷದ ಈ ಯುವಕ ಲಂಡನ್ನಿನ ಕಚೇರಿಗೆ ಕಾಗದ ಬರೆದು, ಆ ಪ್ರಾಂತದಲ್ಲಿ ತನಗೆ ಸ್ನೇಹಿತರೂ ಬಂಧುಗಳೂ ಇದ್ದಾರೆ, ಒಂದಿಷ್ಟು ಜಮೀನೂ ಇದೆ, ಅಲ್ಲಿ ಅಧಿಕಾರ ನಡೆಸಿದರೆ ಕೆಲಸ ಕೆಡುತ್ತದೆ, ಬೇಕಾದರೆ ಬರ್ಮಕ್ಕಾದರೂ ಕಳುಹಿಸಿ ಎಂದು ಕೇಳಿಕೊಂಡ. ವರ್ಗಾವಣೆಗಾಗಿ ಶಿಫಾರಸು ಹಿಡಿಯುವುದನ್ನು ನಾವು ನೋಡಿದ್ದೇವೆ. ಸ್ವಂತ ಊರಿನಿಂದ ದೂರ ಹಾಕಿ ಎಂದು ಅರ್ಜಿ ಕೊಟ್ಟವರನ್ನು ಎಷ್ಟು ಮಂದಿಯನ್ನು ನೋಡಿದ್ದೇವೆ? ಅವರಿಗೆ ಬಂಗಾಳ ಸಿಕ್ಕಿತು. ಈ ಕಾಗದವನ್ನು ನೆನಪಿಟ್ಟುಕೊಳ್ಳಿ.

ಮುಂದಿನ ಹದಿನೈದು ವರ್ಷ ಬಂಗಾಳದಲ್ಲಿ, ಬಹುಮಟ್ಟಿಗೆ ಪೂರ್ವ ಬಂಗಾಳದ ಜಿಲ್ಲೆಗಳ ನ್ಯಾಯಾಧೀಶರಾಗಿ ಕಳೆದವು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮಿನಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿಯ ಕೆಲಸ. 1933ರಲ್ಲಿ ಲಂಡನ್ನಿಗೆ ಹೋಗಿ, ಬಡಪ್ರಾಂತವಾದ ಅಸ್ಸಾಮಿನ ಹಣಕಾಸಿನ ಅಹವಾಲನ್ನು ಪಾರ್ಲಿಮೆಂಟಿನ ಸಮಿತಿಯ ಮುಂದೆ ಮಂಡಿಸಿದರು. ಹಿಂತಿರುಗಿದ ಮೇಲೆ 1935ರ ಭಾರತ ಸರ್ಕಾರದ ಕಾಯಿದೆಯ ಕೆಲಸಕ್ಕಾಗಿ ಅವರನ್ನು ದೆಹಲಿಗೆ ಕರೆಸಿಕೊಂಡರು. 1938ರಲ್ಲಿ ‘ಸರ್’ ಪದವಿ. ಆಮೇಲೆ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಸ್ಥಾನ.

ಆದರೆ ಹೈಕೋರ್ಟಿನಲ್ಲಿ ಅವರನ್ನು ನೆಮ್ಮದಿಯಾಗಿ ಕೂರಲು ಯಾರೂ ಬಿಡಲಿಲ್ಲ. ಎಲ್ಲಿ ಗಂಟು ಬಿದ್ದರೂ ಬಿಡಿಸಲು ಇವರೇ ಬೇಕು. 1940ರಲ್ಲಿ, ಯುದ್ಧದ ಬೆಲೆಯೇರಿಕೆಯಿಂದ ಕಂಗೆಟ್ಟ ರೈಲ್ವೆ ಕಾರ್ಮಿಕರ ಬೇಡಿಕೆಯನ್ನು ವಿಚಾರಣೆ ಮಾಡುವ ಮಂಡಲಿಗೆ ರಾಯರೇ ಅಧ್ಯಕ್ಷರು. ಜೀವನ ವೆಚ್ಚ ಏರಿದ ಹಾಗೆ ಸಂಬಳದ ಜೊತೆಗೆ ತುಟ್ಟಿಭತ್ಯೆ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುವುದು ಅವರ ಪಾಲಿಗೆ ಬಂತು. ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಆ ಪದದ ತೂಕ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಹೊಳೆಯ ವಿಷಯಕ್ಕೆ ಬರೋಣ.

ಮಂಡಿಪೇಟೆಯಿಂದ ಹೊರಟರೆ ಹತ್ತು ಮೈಲಿಯೊಳಗೆ ಹರಿಹರ. ಸೇತುವೆಯ ಮೇಲೆ ನಿಂತರೆ ಕೆಳಗೆ ತುಂಗಭದ್ರೆ. ಇಂದು ಆಚೆ ದಡವೂ ಕರ್ನಾಟಕ, ಈಚೆ ದಡವೂ ಕರ್ನಾಟಕ. ಆದರೆ 1956ರವರೆಗೆ ಹಾಗಿರಲಿಲ್ಲ. ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ರಾಣೆಬೆನ್ನೂರಿನ ಕಡೆ ಮುಂಬಯಿಯವರ ಆಡಳಿತ, ಹೊಳೆಯ ಜೊತೆ ಕೆಳಗೆ ಇಳಿದರೆ ಮದರಾಸಿನವರ ಬಳ್ಳಾರಿ ಜಿಲ್ಲೆ. ನೀರಿಗೆ ಈ ಗಡಿ ಗೊತ್ತಿರಲಿಲ್ಲ, ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿತ್ತು. 1892ರಲ್ಲಿ ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಗಿತ್ತು. ಅದರಲ್ಲಿ ಪಟ್ಟಿ ಮಾಡಿದ ಹೊಳೆಗಳಿಗೆ ಮೈಸೂರು ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮದರಾಸಿನ ಸಮ್ಮತಿ ಬೇಕು. ಆ ಪಟ್ಟಿಯಲ್ಲಿ ತುಂಗೆ, ಭದ್ರೆ, ತುಂಗಭದ್ರೆ, ಹಗರಿ ಎಲ್ಲವೂ ಇದ್ದವು. ಮಳೆ ಬೀಳುವುದು ನಮ್ಮ ಮಲೆನಾಡಿನಲ್ಲಿ, ಕಟ್ಟೆ ಕಟ್ಟಲು ಅಪ್ಪಣೆ ಕೇಳುವುದು ಕೆಳಗಿನವರನ್ನು. ಇದು ಮೇಲಿನವರ ದುಃಖ. ಆದರೆ ಕೆಳಗಿನವರ ದುಃಖವೂ ಸುಳ್ಳಲ್ಲ: ತಲೆಮಾರುಗಳಿಂದ ಬಂದ ನೀರನ್ನು ಮೇಲಿನವರು ಒಂದು ದಿನ ತಿರುಗಿಸಿಕೊಂಡರೆ ಹೊಲ ಹಾಳುಬೀಳುತ್ತದೆ.

ಈ ಜಗಳದ ಅಣ್ಣನಂಥ ಜಗಳ ಉತ್ತರದಲ್ಲಿ ಸಿಂಧೂ ನದಿಯ ಮೇಲೆ ನಡೆಯಿತು. ಮೇಲೆ ಪಂಜಾಬು, ಕೆಳಗೆ ಸಿಂಧ್. ಪಂಜಾಬಿನವರು ಭಾಕ್ರಾ ಅಣೆಕಟ್ಟೆ ಮುಂತಾದ ಯೋಜನೆಗಳನ್ನು ಹಾಕಿಕೊಂಡರು. ಸಿಂಧಿನ ನಾಲೆಗಳಲ್ಲಿ ಅನೇಕವು ಹೊಳೆಯಲ್ಲಿ ಪ್ರವಾಹ ಏರಿದಾಗ ಮಾತ್ರ ತಾವಾಗಿ ತುಂಬುವಂಥವು. ಮೇಲೆ ನೀರು ನಿಲ್ಲಿಸಿದರೆ ಕೆಳಗೆ ಮಟ್ಟ ಏರುವುದೇ ಇಲ್ಲ. 1939ರಲ್ಲಿ ಸಿಂಧ್ ಸರ್ಕಾರ ದೂರು ಕೊಟ್ಟಿತು. 1941ರಲ್ಲಿ ಆಯೋಗ ನೇಮಕವಾಯಿತು, ಅಧ್ಯಕ್ಷರು ನರಸಿಂಗರಾಯರು; ಜೊತೆಗೆ ಇಬ್ಬರು ಎಂಜಿನಿಯರುಗಳು. ಮಂಗಳೂರಿನವರಿಗೆ ಪಂಜಾಬಿನಲ್ಲಿ ಗದ್ದೆಯಿಲ್ಲ, ಸಿಂಧಿನಲ್ಲಿ ನೆಂಟರಿಲ್ಲ.

ವಕೀಲರು ಎರಡು ತುದಿಯ ವಾದಗಳನ್ನು ತಂದರು. ಮೇಲಿನವರದು: ನಮ್ಮ ನೆಲದಲ್ಲಿ ಹರಿಯುವಷ್ಟು ಹೊತ್ತು ನೀರು ನಮ್ಮದು, ಏನು ಬೇಕಾದರೂ ಮಾಡುತ್ತೇವೆ. ಕೆಳಗಿನವರದು: ಹೊಳೆ ಮೊದಲಿನಿಂದ ಹೇಗೆ ಬರುತ್ತಿತ್ತೋ ಹಾಗೆಯೇ ಬರಬೇಕು, ಒಂದು ಬಿಂದಿಗೆ ಕಡಿಮೆಯಾಗಕೂಡದು. 1942ರ ವರದಿಯಲ್ಲಿ ರಾಯರ ಆಯೋಗ ಎರಡನ್ನೂ ಬದಿಗೆ ಸರಿಸಿತು. ಎಲ್ಲಕ್ಕಿಂತ ಉತ್ತಮವಾದದ್ದು ಕಕ್ಷಿಗಳು ತಾವೇ ಕುಳಿತು ಒಪ್ಪಿಕೊಳ್ಳುವುದು. ಒಪ್ಪಿಗೆ ಆಗದಿದ್ದರೆ, ಒಂದೇ ಹೊಳೆಯನ್ನು ಹಂಚಿಕೊಂಡ ಪ್ರಾಂತಗಳಲ್ಲಿ ಪ್ರತಿಯೊಂದಕ್ಕೂ ನ್ಯಾಯವಾದ ಪಾಲು ಸಿಗಬೇಕು. ಮೇಲಿನವನು ಎಂಬ ಕಾರಣಕ್ಕೆ ಎಲ್ಲವೂ ಇಲ್ಲ, ಕೆಳಗಿನವನು ಎಂಬ ಕಾರಣಕ್ಕೆ ತಡೆಯಾಜ್ಞೆಯೂ ಇಲ್ಲ. ಈ ತತ್ತ್ವವನ್ನು ಹಿಡಿದು ಆಯೋಗ ಲೆಕ್ಕಕ್ಕೆ ಇಳಿಯಿತು. ಪಂಜಾಬಿನ ಯೋಜನೆಗಳಿಂದ ಸಿಂಧಿಗೆ ಪೆಟ್ಟು ಬೀಳುವುದು ನಿಜ. ಆದ್ದರಿಂದ ಸಿಂಧಿನಲ್ಲಿ ಎರಡು ಅಡ್ಡಕಟ್ಟೆಗಳು ಏಳಲಿ, ಅವುಗಳ ಖರ್ಚಿನಲ್ಲಿ ಪಂಜಾಬು ಒಂದು ಪಾಲು ಕೊಡಲಿ ಎಂದಿತು.

ಇಬ್ಬರಿಗೂ ಸಮಾಧಾನವಾಗಲಿಲ್ಲ. ಪಂಚಾಯಿತಿ ಸರಿಯಾಗಿ ನಡೆದಿದೆ ಎಂಬುದಕ್ಕೆ ಅದೊಂದು ಗುರುತು ಎಂದು ನಮ್ಮ ಹಿರಿಯರು ನಗುವುದುಂಟು. ಮೇಲ್ಮನವಿ ಲಂಡನ್ನಿನತ್ತ ಹೊರಟಿತು. ಎಂಜಿನಿಯರುಗಳು ತಮ್ಮೊಳಗೆ ಮಾತನಾಡಿ 1945ರ ಹೊತ್ತಿಗೆ ಒಪ್ಪಂದದ ಕರಡನ್ನೂ ಮಾಡಿದರು. ಅಷ್ಟರಲ್ಲಿ 1947 ಬಂತು, ದೇಶವೇ ಎರಡಾಯಿತು, ಪ್ರಾಂತಗಳ ವ್ಯಾಜ್ಯ ರಾಷ್ಟ್ರಗಳ ವ್ಯಾಜ್ಯವಾಯಿತು. 1960ರಲ್ಲಿ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ಸಿಂಧೂ ಜಲ ಒಪ್ಪಂದವಾಗುವ ವೇಳೆಗೆ ರಾಯರು ಇರಲಿಲ್ಲ.

ಆದರೆ ವರದಿ ಕಪಾಟಿನಲ್ಲಿ ಮಲಗಲಿಲ್ಲ. 1969ರಲ್ಲಿ ಕೃಷ್ಣಾ ನೀರಿನ ಹಂಚಿಕೆಗೆ ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಾಧಿಕರಣ ಕುಳಿತಿತು. ತುಂಗಭದ್ರೆ ಕೃಷ್ಣೆಗೆ ಸೇರುವ ಹೊಳೆ, ಭದ್ರೆ ತುಂಗಭದ್ರೆಗೆ ಸೇರುವ ಹೊಳೆ. ಹಾಗಾಗಿ ದಾವಣಗೆರೆ-ಹರಿಹರದ ಗದ್ದೆಗಳಿಗೆ ನೀರು ತರುವ ಭದ್ರಾ ನಾಲೆಯೂ ಆ ಲೆಕ್ಕದೊಳಗೆ ಬಂತು. ನ್ಯಾಯಾಧಿಕರಣ ಹಿಂದಿನ ತೀರ್ಮಾನಗಳನ್ನು ತೂಗುವಾಗ ರಾಯರ ಆಯೋಗದ ಮಾತುಗಳನ್ನೂ ಮುಂದಿಟ್ಟುಕೊಂಡಿತು, ನ್ಯಾಯವಾದ ಪಾಲು ಎಂಬ ಅದೇ ಅಳತೆಗೋಲನ್ನು ಹಿಡಿಯಿತು. 1973ರ ತೀರ್ಪಿನಲ್ಲಿ ನಂಬಬಹುದಾದ 2,060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದಾಯಿತು. ಹಂಚಿಕೆ ಸರಿಯೆ, ತಪ್ಪೆ ಎಂಬ ಜಗಳ ಆಮೇಲೂ ನಡೆಯಿತು. ಆದರೆ ಹಂಚಿಕೆ ಎಂಬುದೇ ಆಗಬೇಕು, ಮೇಲಿನ ದಡದ ಬಲವೂ ಕೆಳಗಿನ ದಡದ ಹಳೆಯ ಹಕ್ಕೂ ಒಂದೇ ತಕ್ಕಡಿಯಲ್ಲಿ ಬರಬೇಕು ಎಂಬ ಮಾತು ಈ ದೇಶದಲ್ಲಿ ಬೇರೂರಿದ್ದು 1942ರ ಆ ವರದಿಯಿಂದ. ನಾಲೆಗೆ ನೀರು ಬಿಟ್ಟರೆಂದು ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ ಕೇಳಿ ನೀವು ಸಂತೋಷಪಡುವಾಗ ಮಂಗಳೂರಿನ ಈ ಗಣಿತಜ್ಞ ವಕೀಲರನ್ನು ಒಮ್ಮೆ ನೆನೆದರೆ ತಪ್ಪಿಲ್ಲ.

ನೀರಿನ ಪಾಲಿಗಿಂತ ಕಷ್ಟವಾದ ಪಾಲು ಮನೆಯೊಳಗಿನದು. ಅದೇ 1941ರಲ್ಲಿ ಸರ್ಕಾರ ಅವರನ್ನು ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿತು. 1937ರಲ್ಲಿ ವಿಧವೆಯರ ಆಸ್ತಿ ಹಕ್ಕಿನ ಬಗ್ಗೆ ಒಂದು ಕಾಯಿದೆ ಆಗಿತ್ತು. ಅದರ ಹರಕುಗಳಿಗೆ ತೇಪೆ ಹಾಕುವುದು ಸಮಿತಿಯ ಕೆಲಸ. ರಾಯರ ಸಮಿತಿ ತೇಪೆ ಹಾಕಿ ಪ್ರಯೋಜನವಿಲ್ಲ, ಬಟ್ಟೆಯನ್ನೇ ಹೊಸದಾಗಿ ನೇಯಬೇಕು ಎಂದು ಹೇಳಿತು. 1944ರಲ್ಲಿ ಅವರನ್ನೇ ಮತ್ತೆ ಕರೆದು ಇಡೀ ಸಂಹಿತೆಯ ಕರಡು ಮಾಡಿಸಿದರು. 1945ರಲ್ಲಿ ಸಮಿತಿ ಊರೂರು ಸುತ್ತಿ ಪಂಡಿತರು, ವಕೀಲರು, ಮಹಿಳಾ ಸಂಘದವರು ಎಲ್ಲರ ಸಾಕ್ಷ್ಯ ತೆಗೆದುಕೊಂಡಿತು.

ಕರಡಿನಲ್ಲಿ ಇದ್ದದ್ದೇನು? ಗಂಡಸಿಗೆ ಒಂದೇ ಮದುವೆ. ವಿಧವೆಗೆ ಬಂದ ಆಸ್ತಿ ಅವಳು ಬದುಕಿರುವವರೆಗಿನ ಅನುಭೋಗಕ್ಕೆ ಮಾತ್ರವಲ್ಲ, ಪೂರ್ತಿ ಅವಳದೇ. ತಂದೆಯ ಆಸ್ತಿಯಲ್ಲಿ ಮಗಳಿಗೆ ಪಾಲು, ಮಗನ ಪಾಲಿನ ಅರ್ಧದಷ್ಟು. ಇಂದಿನ ಹೆಣ್ಣುಮಕ್ಕಳು ಈ ‘ಅರ್ಧ’ವನ್ನು ಕೇಳಿ ಹುಬ್ಬು ಗಂಟಿಕ್ಕಬಹುದು, ಅದು ಸರಿಯೇ. ಆದರೆ ಆಗ ಆ ಅರ್ಧಕ್ಕೇ ದೇಶದಲ್ಲಿ ಕೋಲಾಹಲವೆದ್ದಿತು. ಧರ್ಮ ಮುಳುಗಿತು, ಮನೆ ಒಡೆಯಿತು ಎಂದರು. ಸಮಿತಿಯ ಒಳಗೇ ದ್ವಾರಕಾನಾಥ ಮಿತ್ತರ್ ಅವರು ಭಿನ್ನಮತ ಬರೆದರು. ನಮ್ಮ ಮೈಸೂರು ಸಂಸ್ಥಾನದವರಿಗೆ ಇಲ್ಲಿ ಸ್ವಲ್ಪ ಹೆಮ್ಮೆಪಡಲು ಕಾರಣವುಂಟು. 1933ರಲ್ಲಿಯೇ ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಒಟ್ಟು ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದು ಅದು ವಿಧಿಸಿತ್ತು. ಹರಿಹರದ ಸೇತುವೆ ದಾಟಿದರೆ ಆ ಹಕ್ಕು ಇರಲಿಲ್ಲ ಎಂಬುದನ್ನು ಯೋಚಿಸಿ ನೋಡಿ. ಈ ದಡದ ವಿಧವೆಗೆ ಒಂದು ನ್ಯಾಯ, ಆ ದಡದ ವಿಧವೆಗೆ ಇನ್ನೊಂದು.

ರಾಯರ ವರದಿ 1947ರ ಫೆಬ್ರವರಿಯಲ್ಲಿ ಸರ್ಕಾರದ ಕೈಸೇರಿತು. ಡಾ. ಅಂಬೇಡ್ಕರರು ಅದನ್ನು ಹಿಡಿದು ಮುಂದಕ್ಕೆ ನಡೆದರು, ಮಗಳ ಅರ್ಧ ಪಾಲನ್ನು ಸಮಪಾಲು ಮಾಡಿದರು. ಮಸೂದೆ ಮುಂದೆ ಹೋಗದಿದ್ದಾಗ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. 1955 ಮತ್ತು 1956ರಲ್ಲಿ ಆ ಸಂಹಿತೆ ನಾಲ್ಕು ತುಂಡಾಗಿ ಕಾಯಿದೆಯಾಯಿತು. ಆದರೆ ಪಿತ್ರಾರ್ಜಿತ ಒಟ್ಟು ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕು ಹಾಗೆಯೇ ಉಳಿದುಕೊಂಡಿತು. ರಾಯರ ಕರಡು ಅದನ್ನು ತೆಗೆಯಬೇಕೆಂದಿತ್ತು. ಹೆಣ್ಣುಮಕ್ಕಳಿಗೂ ಆ ಹಕ್ಕು ಬಂದದ್ದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಸಿಂಧೂ ನದಿಯ ಮೇಲೆ ಹೇಳಿದ್ದು ಕೃಷ್ಣೆಗೆ ಬರಲು ಮೂವತ್ತು ವರ್ಷ ಹಿಡಿಯಿತು. ಮನೆಯೊಳಗಿನ ಪಾಲಿಗೆ ಅರವತ್ತು ವರ್ಷ.

1944ರಲ್ಲಿ ನಿವೃತ್ತರಾಗಿ ರಾಯರು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು, ಮರುವರ್ಷವೇ ಬಿಟ್ಟು ಬಂದರು. ಅದನ್ನು ಇಲ್ಲಿ ಬೆಳೆಸುವುದು ಬೇಡ. 1946ರ ಜುಲೈಯಲ್ಲಿ ಸಂವಿಧಾನ ಸಭೆಯ ಸಲಹೆಗಾರರ ಹೊಣೆ ಬಂತು. ಅದಕ್ಕೆ ಸಂಬಳ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಅವರು ಸಭೆಯ ಸದಸ್ಯರಲ್ಲ, ಮತ ಹಾಕುವವರಲ್ಲ, ಯಾವ ಪಕ್ಷಕ್ಕೂ ಸೇರಿದವರಲ್ಲ. ಪ್ರಪಂಚದ ಸಂವಿಧಾನಗಳನ್ನೆಲ್ಲ ಸೋಸಿ ಟಿಪ್ಪಣಿ ಮಾಡಿ ಸದಸ್ಯರ ಮುಂದಿಡುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಬರೆದುಕೊಟ್ಟದ್ದು ಅವರ ಕೆಲಸ. ಅದೇ ವರ್ಷ ನೆರೆಯ ಬರ್ಮದ ಸಂವಿಧಾನದ ಕರಡಿಗೂ ನೆರವಾದರು.

ಸಂವಿಧಾನವನ್ನು ನಿಜವಾಗಿ ಬರೆದವರು ಯಾರು ಎಂದು ಇತ್ತೀಚೆಗೆ ಕೆಲವರು ರಾಯರನ್ನೂ ಅಂಬೇಡ್ಕರರನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುತ್ತಾರೆ. 1949ರ ನವೆಂಬರ್ 25ರಂದು ಅಂಬೇಡ್ಕರರೇ ಸಭೆಯಲ್ಲಿ ಎದ್ದು, ತಮಗೆ ಸಲ್ಲಿಸುತ್ತಿರುವ ಕೀರ್ತಿಯಲ್ಲಿ ಒಂದು ಭಾಗ ಒರಟು ಕರಡು ಸಿದ್ಧಪಡಿಸಿದ ರಾಯರಿಗೆ ಸೇರಬೇಕೆಂದು ಹೇಳಿದರು. ಕರಡು ಬರೆಯುವುದು ಒಂದು ಕೆಲಸ. ಅದನ್ನು ತಿದ್ದಿ, ಬೆಳೆಸಿ, ನೂರಾರು ಸದಸ್ಯರ ಪ್ರಶ್ನೆಗಳ ಮಧ್ಯೆ ಒಂದೊಂದು ವಿಧಿಯನ್ನೂ ಕಾಯ್ದು ಪಾರುಮಾಡುವುದು ಬೇರೊಂದು ಕೆಲಸ. ಆ ಇಬ್ಬರಿಗೂ ಇದರಲ್ಲಿ ಸಂದೇಹವಿರಲಿಲ್ಲ, ನಮಗೇಕೆ ಇರಬೇಕು?

ಹೊಗಳುವುದರ ಜೊತೆಗೆ ಒಂದು ತಕರಾರನ್ನೂ ಹೇಳಬೇಕು. 1947ರ ಕೊನೆಯಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳನ್ನು ಸುತ್ತಿ ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಮಾತುಕತೆಯಾಯಿತು. ಯಾರ ಸ್ವಾತಂತ್ರ್ಯವನ್ನೂ ನ್ಯಾಯವಾದ ವಿಚಾರಣಾ ಕ್ರಮವಿಲ್ಲದೆ ಕಿತ್ತುಕೊಳ್ಳಬಾರದು ಎಂಬ ಮಾತು ಅಮೆರಿಕದ ಸಂವಿಧಾನದಲ್ಲಿತ್ತು. ಅದನ್ನೇ ಹಿಡಿದು ಅಲ್ಲಿಯ ಕೋರ್ಟುಗಳು ಒಂದು ಕಾಲದಲ್ಲಿ ಕಾರ್ಮಿಕರ ಪರವಾದ ಕಾನೂನುಗಳನ್ನೂ ಹೊಡೆದುಹಾಕಿದ್ದವು. ಇಲ್ಲಿಯೂ ಭೂಸುಧಾರಣೆಯ ಕಾನೂನುಗಳಿಗೆ ಅದೇ ಗತಿಯಾದೀತು ಎಂದು ರಾಯರಿಗೆ ಭಯ. ಕೊನೆಗೆ ನಮ್ಮ 21ನೆಯ ವಿಧಿಯಲ್ಲಿ ಕಾನೂನು ಗೊತ್ತುಮಾಡಿದ ಕ್ರಮ ಎಂಬ ಸಪ್ಪೆಯಾದ ಮಾತು ಕುಳಿತಿತು. ಕಾನೂನು ಎಂಥದಾದರೂ ಸರಿ, ಕ್ರಮ ಬರೆದಿದ್ದರೆ ಸಾಕು ಎಂದಾಯಿತು. 1950ರಲ್ಲಿ ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಅರ್ಥ ಮಾಡಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೂತವರಿಗೆ ಆ ವಿಧಿಯಿಂದ ಆಸರೆ ಸಿಗಲಿಲ್ಲ. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಕ್ರಮವೂ ನ್ಯಾಯವಾಗಿರಬೇಕು ಎಂದು ಕೋರ್ಟು ಹೇಳುವವರೆಗೆ ಹೀಗೇ ನಡೆಯಿತು. ರಾಯರ ಭಯಕ್ಕೆ ಕಾರಣವಿತ್ತು. ಆದರೆ ಬಡವನ ಭೂಮಿಗೆ ಕಾವಲಿಡಲು ಹೋಗಿ ಬಡವನ ಮೈಗಾವಲನ್ನು ಸಡಿಲಿಸಿದ್ದು ಸರಿಯಾಗಲಿಲ್ಲವೆಂದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಅವರ ಕೆಲಸ ದೇಶದ ಹೊರಗೂ ಹರಡಿತ್ತು. ವಿಶ್ವಸಂಸ್ಥೆ ರಾಷ್ಟ್ರಗಳ ಕಾನೂನನ್ನು ಕ್ರೋಡೀಕರಿಸಲು ಏರ್ಪಡಿಸಿದ ಅಂತರರಾಷ್ಟ್ರೀಯ ಕಾನೂನು ಆಯೋಗದಲ್ಲಿ 1949ರಿಂದ ಅವರು ಸದಸ್ಯರು. 1950ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿ. ಭದ್ರತಾ ಮಂಡಲಿಯ ಅಧ್ಯಕ್ಷತೆ ತಿಂಗಳಿಗೊಬ್ಬ ಸದಸ್ಯನಂತೆ ಸುತ್ತುವ ಸರದಿ. ಆ ವರ್ಷದ ಜೂನ್ ತಿಂಗಳ ಸರದಿ ಭಾರತದ್ದು. ಜೂನ್ 25, ಭಾನುವಾರ, ಕೊರಿಯದಲ್ಲಿ ಯುದ್ಧ ಹೊತ್ತಿಕೊಂಡಿತು.

ಆ ದಿನ ಸಭೆಯ ಪೀಠದಲ್ಲಿ ಕೂತವರು ನಮ್ಮ ಮಂಗಳೂರಿನ ರಾಯರು. ಚೀನದ ಕುರ್ಚಿ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ರಷ್ಯ ಮುನಿಸಿಕೊಂಡು ಸಭೆಗೆ ಬರುತ್ತಿರಲಿಲ್ಲ. ಉತ್ತರ ಕೊರಿಯ ಹಿಂದಕ್ಕೆ ಸರಿಯಬೇಕೆಂಬ ನಿರ್ಣಯ ಒಂಬತ್ತು ಮತಗಳಿಂದ ಆಯಿತು, ಭಾರತವೂ ಒಪ್ಪಿತು. ಎರಡು ದಿನ ಬಿಟ್ಟು ದಕ್ಷಿಣಕ್ಕೆ ಸೈನ್ಯದ ನೆರವು ಕೊಡಿ ಎಂಬ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ರಾಯರು ಮತದಾನದಲ್ಲಿ ಸೇರಲಿಲ್ಲ. ಭಾರತ ಆಮೇಲೆ ಅದನ್ನು ಒಪ್ಪಿಕೊಂಡಿತು. ಆದರೆ ಸಿಪಾಯಿಗಳನ್ನು ಕಳುಹಿಸಲಿಲ್ಲ. 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯರ ಪಡೆಯನ್ನು ಕಳುಹಿಸಿತು.

ವರ್ಷದ ಕೊನೆಗೆ ಚೀನದ ಸೈನ್ಯವೂ ಯುದ್ಧಕ್ಕಿಳಿಯಿತು. ಮೂರನೆಯ ಮಹಾಯುದ್ಧದ ಹೊಗೆ ಕಾಣತೊಡಗಿತು. ಡಿಸೆಂಬರ್ 14ರಂದು ಸಾಮಾನ್ಯ ಸಭೆ ಕದನವಿರಾಮದ ದಾರಿ ಹುಡುಕಲು ಮೂವರನ್ನು ಗೊತ್ತುಮಾಡಿತು: ಸಭಾಧ್ಯಕ್ಷ ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ನರಸಿಂಗರಾಯರು. ಮಂಡಿಪೇಟೆಯ ಪಂಚಾಯಿತಿಯ ಕಷ್ಟವೆಲ್ಲ ಇಲ್ಲಿ ಸಾವಿರಪಟ್ಟು. ಒಬ್ಬ ಕಕ್ಷಿಗೆ ಸಭೆಯಲ್ಲಿ ಕುರ್ಚಿಯೇ ಇಲ್ಲ; ತನ್ನನ್ನು ಸೇರಿಸದೆ ಮಾಡಿದ ಈ ಪಂಚಾಯಿತಿಯೇ ನ್ಯಾಯಬಾಹಿರ ಎಂದು ಪೀಕಿಂಗ್ ಹೇಳಿತು. ನ್ಯೂಯಾರ್ಕಿಗೆ ಬಂದಿದ್ದ ಅದರ ಪ್ರತಿನಿಧಿಗಳು ಹಿಂತಿರುಗಿ ಹೋದರು. ಜನವರಿಯಲ್ಲಿ ಮೂವರೂ ಸೇರಿ ಐದು ಸೂತ್ರಗಳನ್ನು ಮುಂದಿಟ್ಟರು: ಮೊದಲು ಗುಂಡು ನಿಲ್ಲಲಿ, ಆಮೇಲೆ ಪರದೇಶದ ಸೈನ್ಯಗಳು ಹಂತಹಂತವಾಗಿ ಹೊರಡಲಿ, ಆಮೇಲೆ ಮಿಕ್ಕ ಮಾತು. ಜನವರಿ 17ರಂದು ಚೀನ ಒಪ್ಪಲಿಲ್ಲ. ಫೆಬ್ರವರಿ 1ರಂದು ಚೀನವನ್ನು ಆಕ್ರಮಣಕಾರಿ ಎಂದು ಕರೆಯುವ ನಿರ್ಣಯ ಬಂದಿತು. ಮಾತಿನ ಬಾಗಿಲು ಮುಚ್ಚಿಹೋಗುತ್ತದೆ ಎಂದು ರಾಯರು ವಿರೋಧಿಸಿದರು. ಕಮ್ಯುನಿಸ್ಟ್ ದೇಶಗಳನ್ನು ಬಿಟ್ಟರೆ ಅದಕ್ಕೆ ಎದುರಾಗಿ ಮತ ಹಾಕಿದವರು ಇಬ್ಬರೇ, ಭಾರತ ಮತ್ತು ಬರ್ಮ.

ಪ್ರಯತ್ನ ಸೋತಿತು. ಯುದ್ಧ ಇನ್ನೂ ಎರಡೂವರೆ ವರ್ಷ ಎಳೆಯಿತು. ಕೊನೆಕೊನೆಗೆ ಅದು ಸಿಕ್ಕಿಕೊಂಡದ್ದು ಒಂದು ಕಾನೂನಿನ ಪ್ರಶ್ನೆಯಲ್ಲಿ: ಊರಿಗೆ ಹಿಂತಿರುಗಲು ಇಷ್ಟವಿಲ್ಲದ ಯುದ್ಧಕೈದಿಯನ್ನು ಬಲವಂತವಾಗಿ ಕಳುಹಿಸಬಹುದೆ? 1949ರ ಜಿನೀವಾ ಒಡಂಬಡಿಕೆ ಯುದ್ಧ ಮುಗಿದೊಡನೆ ಕೈದಿಗಳನ್ನು ಬಿಟ್ಟು ಕಳುಹಿಸಬೇಕೆಂದಿತ್ತು. ಹೋಗಲು ಇಷ್ಟವಿಲ್ಲದ ಕೈದಿಗೆ ಅದರಲ್ಲಿ ವಿನಾಯಿತಿ ಬರೆದಿರಲಿಲ್ಲ. ಬಲವಂತ ಕೂಡದು, ಪಕ್ಷಪಾತವಿಲ್ಲದ ರಾಷ್ಟ್ರಗಳ ಆಯೋಗವೊಂದು ಅವರ ಮನಸ್ಸನ್ನು ಕೇಳಲಿ ಎಂಬ ಭಾರತದ ಸಲಹೆಯನ್ನು 1952ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಒಪ್ಪಿತು. 1953ರ ಜುಲೈ 27ರಂದು ಗುಂಡು ನಿಂತಿತು. ಆ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯನವರು. 22,000ಕ್ಕೂ ಹೆಚ್ಚು ಕೈದಿಗಳನ್ನು ಭಾರತದ ಸಿಪಾಯಿಗಳು ಕಾಯ್ದರು.

ಆ ಹೊತ್ತಿಗೆ ರಾಯರು ಹೇಗ್‌ನಲ್ಲಿದ್ದರು. 1951ರ ಡಿಸೆಂಬರಿನಲ್ಲಿ ಅವರನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆರಿಸಿದ್ದರು. 1952ರ ಫೆಬ್ರವರಿಯಿಂದ ಪೀಠ. ಅಲ್ಲಿ ಮೊದಲಿಗೆ ಬಂದ ದೊಡ್ಡ ವ್ಯಾಜ್ಯ ಇರಾನಿನ ಎಣ್ಣೆಯದು. ಮುಸದ್ದಿಕ್ ಅವರ ಸರ್ಕಾರ ಬ್ರಿಟಿಷರ ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಿಸಿತ್ತು, ಇಂಗ್ಲೆಂಡ್ ನ್ಯಾಯಾಲಯಕ್ಕೆ ಬಂದಿತ್ತು. ಬಡದೇಶ ಒಂದು ಕಡೆ, ಹಳೆಯ ಸಾಮ್ರಾಜ್ಯ ಇನ್ನೊಂದು ಕಡೆ. ಏಷ್ಯದ ನ್ಯಾಯಾಧೀಶರೊಬ್ಬರಿಗೆ ಮಾತನಾಡಲು ಇದಕ್ಕಿಂತ ದೊಡ್ಡ ಸಂದರ್ಭ ಬೇಕೆ? ಆದರೆ 1951ರ ಅಕ್ಟೋಬರಿನಲ್ಲಿ ಇದೇ ವಿಷಯ ಭದ್ರತಾ ಮಂಡಲಿಗೆ ಬಂದಾಗ ರಾಯರು ಭಾರತದ ಪ್ರತಿನಿಧಿಯಾಗಿ ಅಲ್ಲಿ ಕುಳಿತಿದ್ದರು. ಆ ಕಾರಣವನ್ನು ನ್ಯಾಯಾಲಯಕ್ಕೆ ತಿಳಿಸಿ ಅವರು ವಿಚಾರಣೆಯಿಂದ ಎದ್ದು ಹೊರಗೆ ನಿಂತರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮದರಾಸು ಬೇಡವೆಂದು ಕಾಗದ ಬರೆದ ಹುಡುಗ ಅರವತ್ತೈದನೆಯ ವಯಸ್ಸಿನಲ್ಲೂ ಅದೇ ಕಾಗದವನ್ನು ಇನ್ನೊಮ್ಮೆ ಬರೆದಂತಾಯಿತು. ವ್ಯಾಜ್ಯವನ್ನು ಕೇಳಲು ತನಗೆ ಅಧಿಕಾರವಿಲ್ಲವೆಂದು 1952ರ ಜುಲೈ 22ರಂದು ನ್ಯಾಯಾಲಯ ಒಂಬತ್ತಕ್ಕೆ ಐದು ಮತಗಳಿಂದ ತೀರ್ಮಾನಿಸಿತು. ಆ ಒಂಬತ್ತರಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಮ್ಯಾಕ್‌ನೇರ್ ಅವರ ಮತವೂ ಒಂದು. ತಮ್ಮ ದೇಶದ ವಾದಕ್ಕೆ ಎದುರಾಗಿ ಹಾಕಿದ ಮತ. ಅವರೂ ಆ ಜಾತಿಯವರೇ.

ಒಂಬತ್ತು ವರ್ಷದ ಅವಧಿಯಲ್ಲಿ ರಾಯರಿಗೆ ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ತಿಮ್ಮಯ್ಯನವರು ಆಗಿನ್ನೂ ಕೊರಿಯದಲ್ಲಿ ಕೈದಿಗಳ ನಡುವೆ ಇದ್ದರು. ರಾಯರ ಸಂವಿಧಾನದ ಬರಹಗಳನ್ನು ತಮ್ಮ ಶಿವರಾಯರು 1960ರಲ್ಲಿ ಪುಸ್ತಕವಾಗಿ ತಂದರು. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಚೀಟಿಯೊಂದನ್ನು ಹೊರಡಿಸಿತು. ಹೇಗ್‌ನಲ್ಲಿ ತೆರವಾದ ಅವರ ಪೀಠಕ್ಕೆ 1954ರಲ್ಲಿ ಆಯ್ಕೆಯಾದವರು ಪಾಕಿಸ್ತಾನದ ಜಫ್ರುಲ್ಲಾ ಖಾನ್, ಪಂಜಾಬಿನವರು.